ಹದಿನಾರು ಉಸಿರಿನೊಳಗೆ

ಅವ್ವ ದಿನಾ ಬೆಳಿಗ್ಗೆ ತನ್ನನ್ನು ತಾನು ಓದಿಕೊಂಡು ಏಳುತ್ತಿದ್ದಳು.

ಕಿಟಕಿಯ ಪರದೆ ಬೆಳ್ಳಗಾಗುವ ಹೊತ್ತಿಗೆ ಅವಳ ಹಣೆಯ ಮೇಲಿನ ಪಟ್ಟಿ ಮೆಲ್ಲಗೆ ಬೆಚ್ಚಗಾಗುತ್ತಿತ್ತು. ಎರಡು ಬೆರಳಿನಷ್ಟು ಅಗಲದ, ಮಲ್ಲಿಗೆ ದಂಡೆಯಷ್ಟು ಹಗುರಾದ ಪಟ್ಟಿ ಅದು. ನಿದ್ದೆ ಮುಗಿದು, ಎಚ್ಚರ ಇನ್ನೂ ಹೊಸ್ತಿಲ ಆಚೆ ನಿಂತಿರುವ ಆ ಸಣ್ಣ ಹೊತ್ತಿನಲ್ಲಿ, ಧಾರವಾಡದ ಕೆರೆಯ ದಂಡೆಯ ಮೇಲಿದ್ದ ನೆನಪಿನ ಕೇಂದ್ರದಲ್ಲಿ ಅವಳ ಕಡತ ತೆರೆದುಕೊಂಡು, ಕನಸಿನ ಹಾಗೆ ಅವಳೊಳಗೆ ಇಳಿಯುತ್ತಿತ್ತು. ಮಂಚದ ಪಕ್ಕದಲ್ಲಿ ನಿಂತ ಮಗಳು ಶಾಲ್ಮಲಾ ಉಸಿರು ಎಣಿಸುತ್ತಿದ್ದಳು. ಮೂರನೆಯ ಉಸಿರಿಗೆ ಅವ್ವನ ಹುಬ್ಬು ಸಡಿಲಾಗುವುದು. ಏಳನೆಯದಕ್ಕೆ ತುಟಿಯ ಬಲತುದಿಯಲ್ಲಿ ಒಂದು ನಗು ಮೂಡುವುದು. ಅದು ಯಾವುದರ ನಗು ಎಂದು ಶಾಲ್ಮಲಾಗೆ ಗೊತ್ತಿರಲಿಲ್ಲ. ಹತ್ತನೆಯದಕ್ಕೆ, ಅಪ್ಪ ತೀರಿಕೊಂಡ ವರ್ಷವನ್ನು ದಾಟುವಾಗ, ಗಂಟಲು ಒಮ್ಮೆ ಅಲುಗುವುದು. ಆಮೇಲಿನ ಉಸಿರುಗಳಲ್ಲಿ ಬರುವವಳು ಶಾಲ್ಮಲಾ. ಹದಿನಾರು ಮುಗಿಯುತ್ತಲೇ ಅವ್ವ ಕಣ್ಣು ತೆರೆಯುವಳು.

"ಶಾಲೂ, ಅಳಿಯಂದಿರು ಎದ್ದಾರೇನು? ಅವರ ಚಹಾ ಆರಿ ಹೋಗ್ತದ ನೋಡು."

"ಏಳ್ತಾರವ್ವಾ. ನೀ ಮಖಾ ತೊಳ್ಕೊ."

ಅಳಿಯ ಗುರುರಾಜ ಆ ಮನೆ ಬಿಟ್ಟು ಆರು ವರ್ಷವಾಗಿತ್ತು. ಕೋರ್ಟಿನ ಕಾಗದಗಳೆಲ್ಲ ಮುಗಿದು, ಅವನು ಕೊಲ್ಹಾಪುರದಲ್ಲಿ ಬೇರೆ ಸಂಸಾರ ಹೂಡಿದ್ದ. ಆದರೆ ಅವ್ವನ ಕಡತ ಶುರುವಾದದ್ದು ಏಳು ವರ್ಷದ ಹಿಂದೆ. ಅದರೊಳಗೆ ಹೊಲಿದುಕೊಂಡಿದ್ದ ಶಾಲ್ಮಲಾ ಆಗಿನವಳು: ಕೂದಲು ಕಪ್ಪಗಿದ್ದವಳು, ಚಹಾಕ್ಕೆ ಎರಡು ಚಮಚೆ ಸಕ್ಕರೆ ಬೇಕೆನ್ನುವವಳು, ಗಂಡನಿದ್ದವಳು. ಸಂಜೆ ಕೂಡಿಸಿಕೊಂಡು ಹೇಳಿದರೆ ಅವ್ವ ಎಲ್ಲವನ್ನೂ ಕೇಳುವಳು, ಮಗಳ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂಡುವಳು. ಮಾರನೆಯ ಬೆಳಿಗ್ಗೆ ಹಳೆಯ ಶಾಲ್ಮಲಾನೇ ಮತ್ತೆ ಎದ್ದು ಬರುವಳು. ಒಳಗಿರುವುದನ್ನು ತಿದ್ದಬೇಕಾದರೆ ಪಟ್ಟಿ ಕಟ್ಟಿಕೊಂಡವರೇ ಒಪ್ಪಿ ತಿದ್ದಿಸಬೇಕಿತ್ತು. ಶಾಲ್ಮಲಾ ಒಪ್ಪಿಸಬಹುದಿತ್ತು, ಒಪ್ಪಿಸಿರಲಿಲ್ಲ. ಜಗತ್ತಿನಲ್ಲಿ ಆ ಒಂದು ಕಡತದಲ್ಲಾದರೂ ತಾನು ಸುಖವಾಗಿದ್ದೇನೆ ಎಂಬುದು ಅವಳಿಗೆ ಯಾವಾಗಲೋ ರೂಢಿಯಾಗಿಬಿಟ್ಟಿತ್ತು.

ಶಾಲ್ಮಲಾ ಆ ಕೇಂದ್ರದಲ್ಲೇ ಕೆಲಸ ಮಾಡುತ್ತಿದ್ದಳು. ಮರೆವಿನ ರೋಗ ಬಂದವರ ಬದುಕನ್ನು ಡೇಟಾಬೇಸಿನಲ್ಲಿ ಹೇಗೆ ಜೋಡಿಸಿಡಬೇಕು, ಯಾವುದು ಯಾವುದರೊಳಗೆ ಇರಬೇಕು ಎಂದು ಗೆರೆ ಎಳೆಯುವುದು ಅವಳ ಕೆಲಸ. ಐವತ್ತೈದರ ಆ ವಯಸ್ಸಿನಲ್ಲೂ ಮನೆಯವರಿಗೆ ಅದನ್ನು ತಿಳಿಸಿ ಹೇಳುವುದು ಅವಳಿಗೆ ಕಷ್ಟವಾಗಿತ್ತು. ಕಡೆಗೆ ಒಂದು ದಿನ ಅಡಿಗೆಮನೆಯಲ್ಲಿ ಸಿಂಧು ಅತ್ಯಾನ ಮುಂದೆ ಒಗ್ಗರಣೆ ಡಬ್ಬಿ ತೆರೆದಿಟ್ಟಳು. ಸಿಂಧು ಅತ್ಯಾ ಅಪ್ಪನ ತಂಗಿ. ಮದುವೆಯಾಗದೆ ಉಳಿದವಳು, ಸಂಗೀತ ಕಲಿಸಿ ನಿವೃತ್ತಳಾದವಳು, ಈ ಮನೆಯ ಮೂರನೆಯ ಹೆಂಗಸು.

"ಇದು ನೋಡು ಅತ್ಯಾ. ದೊಡ್ಡ ಡಬ್ಬಿ ಅಂದ್ರ ಅವ್ವ. ಇದರಾಗಿನ ಸಣ್ಣ ಬಟ್ಟಲಾ ಅಂದ್ರ ಅಪ್ಪ, ನಾನು, ನೀನು."

"ನಾ ಯಾವದು? ಇಂಗಿನೇನು?"

"ನೀ ಮೆಣಸಿನಕಾಯಿ. ಕೇಳಿಲ್ಲೆ. ಒಂದ ಸಲ ಮುಚ್ಚಳ ತಗದ್ರ ಎಲ್ಲಾ ಕೈಗೆ ಸಿಗ್ತದ. ಇನ್ನೊಂದು ಥರಾ ಅಂದ್ರ, ಡಬ್ಬ್ಯಾಗ ಬರೇ ಒಂದು ಚೀಟಿ ಇಡೋದು. ಸಾಸಿವಿ ಅಟ್ಟದ ಮ್ಯಾಲದ ಅಂತ ವಿಳಾಸ ಬರದು."

ಅತ್ಯಾ ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡಿದಳು. "ಎಣ್ಣಿ ಕಾದ ಮ್ಯಾಲ ಯಾರವಾ ಅಟ್ಟಾ ಹತ್ತವರು?"

"ಅದಕ್ಕ ಒಳಗ ಇಡ್ತೇವಿ."

ವಿಷಯ ಅಷ್ಟೇ ಆಗಿತ್ತು. ನಿದ್ದೆಗೂ ಎಚ್ಚರಕ್ಕೂ ನಡುವಿನ ಹೊತ್ತು ಕಾದ ಎಣ್ಣೆಯ ಹಾಗೆ; ಬೇಕಾದ್ದೆಲ್ಲ ಆಗಲೇ ಕೈಗೆ ಸಿಗಬೇಕು. ಬೇರೆ ಕಡತದ ವಿಳಾಸ ಹಿಡಿದು ಹೊರಗೆ ಹೋಗಿ ತರುವಷ್ಟರಲ್ಲಿ ರೆಪ್ಪೆ ಅಲುಗುತ್ತದೆ, ಮಲಗಿದವರು ಅರ್ಧಕ್ಕೇ ಎದ್ದುಬಿಡುತ್ತಾರೆ. ಅದಕ್ಕೇ ಒಬ್ಬರ ಕಡತದೊಳಗೆ ಅವರ ಹತ್ತಿರದವರನ್ನೆಲ್ಲ ಚಿಕ್ಕ ಚಿಕ್ಕ ಒಳಕಡತಗಳಾಗಿ ಹೊಲಿದಿಡುತ್ತಿದ್ದರು. ಆದರೆ ಡಬ್ಬಿಗೂ ಒಂದು ಅಳತೆಯಿತ್ತು. ಹದಿನಾರು ಉಸಿರಿಗಿಂತ ಉದ್ದದ ಕಡತವನ್ನು ಯಾವ ನಿದ್ದೆಯೂ ತಾಳುತ್ತಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಅವ್ವ ಪಟ್ಟಿಯ ಜೊತೆ ಮಾತಾಡುತ್ತಿದ್ದಳು. ಚಾಪೆಯ ಮೇಲೆ ಒರಗಿ, ಫ್ಯಾನಿನ ಗಾಳಿಗೆ ಸೆರಗು ಹಾರುತ್ತಿರಲು, ನೆನಪಾದದ್ದನ್ನು ಪಿಸುಮಾತಿನಲ್ಲಿ ಹೇಳುವಳು. ಪಟ್ಟಿ ಕೇಳಿಸಿಕೊಂಡು, ಗೊತ್ತಾಗದಿದ್ದಾಗ ಒಂದೇ ಪ್ರಶ್ನೆ ಕೇಳುತ್ತಿತ್ತು: ಇದನ್ನು ಯಾರ ಹತ್ತಿರ ಇಡಲಿ? ಅವ್ವ ಉತ್ತರ ಕೊಡುವಳು. ಶಾಲ್ಮಲಾ ಎಂದೂ ಬಾಗಿಲಿಗೆ ಕಿವಿಗೊಟ್ಟವಳಲ್ಲ. ಹೆತ್ತವಳಾದರೂ ಅವಳಿಗೊಂದು ಬೀಗವಿರಲಿ ಎಂದುಕೊಂಡಿದ್ದಳು.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಹದಿನಾರನೆಯ ಉಸಿರಿಗೆ ಪಟ್ಟಿಯ ಓದು ಮುಗಿಯಲಿಲ್ಲ. ಅವ್ವನ ಕಣ್ಣು ಮಾತ್ರ ತೆರೆದುಕೊಂಡಿತು.

ಅವಳು ಎದ್ದು ಕುಳಿತು ಗೋಡೆ ನೋಡಿದಳು. ಶಾಲ್ಮಲಾಳನ್ನು ನೋಡಿದಳು, ಅಂಗಡಿಯಲ್ಲಿ ಅಪರಿಚಿತರನ್ನು ನೋಡುವ ಹಾಗೆ. "ಇದು ಯಾರ ಮನಿರೀ?" ಎಂದು ಬಹಳ ಮರ್ಯಾದೆಯಿಂದ ಕೇಳಿದಳು. "ನಮ್ಮ ಮನಿಗೆ ಹೋಗಲಿಕ್ಕೆ ಬಸ್ಸು ಎಲ್ಲಿ ನಿಲ್ತದ?"

ಆ ದಿನವಿಡೀ ಅವಳು ಚಪ್ಪಲಿ ಮೆಟ್ಟಿಕೊಂಡು ತಲೆಬಾಗಿಲ ಕಟ್ಟೆಯ ಮೇಲೆ ಕುಳಿತಿದ್ದಳು. ತಿಂಡಿ ಕೊಟ್ಟರೆ "ತ್ರಾಸ ಕೊಟ್ಟೆ ನಿಮಗ" ಎಂದು ಹೇಳಿ ತಿಂದಳು. ಸಂಜೆ ಆಯಾಸದಿಂದ ಕಣ್ಣು ಮುಚ್ಚುವವರೆಗೂ ಸೆರಗಿನ ತುದಿಯನ್ನು ಬಿಡದೆ ಹಿಡಿದಿದ್ದಳು, ಅದೊಂದೇ ತನ್ನದು ಎಂಬಂತೆ.

ಮಾರನೆಯ ದಿನ ಕೇಂದ್ರದ ನಿಯಂತ್ರಣ ಕೋಣೆಯಲ್ಲಿ ಫರ್ಜಾನಾ ಮುಲ್ಲಾ ಪರದೆಯ ಮೇಲೆ ಕಡತವನ್ನು ಬಿಡಿಸಿ ತೋರಿಸಿದಳು. ಕಡತಗಳ ಉಸ್ತುವಾರಿ ಅವಳದು. ಶಾಲ್ಮಲಾಗಿಂತ ಹತ್ತು ವರ್ಷ ಚಿಕ್ಕವಳು. ಡಬ್ಬಿಯ ಊಟವನ್ನು ಹಂಚಿಕೊಂಡು ತಿನ್ನುವಷ್ಟು ಸಲಿಗೆ ಇತ್ತು. ಕತ್ತಲ ಕೋಣೆಯಲ್ಲಿ ಅವ್ವನ ಬದುಕು ತಿಳಿನೀಲಿಯ ಬಟ್ಟಲುಗಳಾಗಿ ತೇಲುತ್ತಿತ್ತು.

"ಅಕ್ಕಾ, ಹದಿನಾರೂವರೆ ಆಗೈತಿ ನೋಡ್ರಿ. ಕಡೀದು ಚೆಲ್ಲಿ ಹೋಗೈತಿ. ಕಡೀದು ಅಂದ್ರ ನೀವು. ಓದು ನಡುವ ಹರದ್ರ ಉಳಿದದ್ದೂ ಕಲಸಿ ಹೋಗ್ತೈತಿ."

"ಯಾವದು ಇಷ್ಟು ಬೆಳದದ?"

ಫರ್ಜಾನಾ ಒಂದು ಬಟ್ಟಲಿನ ಮೇಲೆ ಬೆರಳಿಟ್ಟಳು. "ಇದು. ಹೆಸರಿನ ಜಾಗಾ ಖಾಲಿ. ಸಂಬಂಧ, ಮಗಳು. ಬದುಕಿದ್ದು ಹನ್ನೊಂದು ದಿನ. ಆದ್ರ ಐದು ಉಸಿರು ತಿನ್ನಾಕತ್ತೈತಿ. ನಿಮ್ಮದೂ ಐದ."

ಶಾಲ್ಮಲಾ ಪರದೆಯ ಹತ್ತಿರ ಬಗ್ಗಿದಳು. ತನಗಿಂತ ಮೂರು ವರ್ಷ ಮುಂಚೆ ಒಂದು ಕೂಸು ಹುಟ್ಟಿತ್ತೆಂದು ಅವಳಿಗೆ ಗೊತ್ತಿತ್ತು. ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡಬೇಕು; ಅದು ಹನ್ನೊಂದನೆಯ ದಿನವೇ ಹೋಗಿತ್ತು. ಮನೆಯಲ್ಲಿ ಅದರ ಮಾತೇ ಇರಲಿಲ್ಲ. ಟ್ರಂಕಿನ ತಳದಲ್ಲಿ ಒಮ್ಮೆ ಕೂಸಿನ ಹಳದಿಗಟ್ಟಿದ ಕುಂಚಿಗೆ ಕಂಡು "ಇದು ನಂದೇನವ್ವಾ?" ಎಂದು ಕೇಳಿದ್ದಕ್ಕೆ, ಅವ್ವ ಅದನ್ನು ಮಡಚಿ ಮತ್ತೆ ತಳಕ್ಕೇ ಇಟ್ಟಿದ್ದಳು.

"ಪರಿಶೀಲನಾದವರು ಗುರುತು ಹಾಕ್ಯಾರ," ಎಂದಳು ಫರ್ಜಾನಾ. "ಇದರಾಗ ಈಜೋದು ಐತಿ, ಸಾಲಿ ಐತಿ, ಹತ್ತೊಂಬತ್ತು ವರ್ಷದ್ದು ಐತಿ. ಹನ್ನೊಂದು ದಿನದ ಕೂಸಿಗೆ ಈಜು ಎಲ್ಲಿಂದ ಬಂತು ಅಂತಾರ. ಆಗದ್ದನ್ನ ಫೈಲಿನ್ಯಾಗ ಇಡೂಹಂಗಿಲ್ಲ. ಶುಕ್ರವಾರ ತಗದು ಹಾಕ್ತಾರ. ತಗದ್ರ ಅವ್ವಾರು ಮೊದಲಿನಂಗ ಏಳ್ತಾರ."

"ಬ್ಯಾರೆ ಕಡತ ಮಾಡಿ ಹೊರಗ ಇಟ್ರ?"

"ಹೆಸರು ಬೇಕಲ್ಲಕ್ಕಾ. ಹೆಸರಿಲ್ಲದವರಿಗೆ ಸ್ವಂತ ಫೈಲ್ ಇಲ್ಲ. ಅವರು ಯಾರದರೆ ಹೊಟ್ಟ್ಯಾಗ ಇರಬೇಕು." ಅವಳು ದನಿ ತಗ್ಗಿಸಿದಳು. "ಶುಕ್ರವಾರದ ತನಕಾ ನಿಮ್ಮ ಅಪ್ಪಾರ ಬ್ಯಾಂಕಿನ ವರ್ಷ ಒಂದಿಷ್ಟು ಮುಚ್ಚಿಟ್ಟಿರ್ತೀನಿ. ಅದಕ್ಕಿಂತ ಹೆಚ್ಚು ದಿನಾ ಮುಚ್ಚಿದ್ರ ಮತ್ತ ಮನಸ್ಸು ಅದನ್ನ ಒಳಗ ತೊಗೊಳ್ಳಂಗಿಲ್ಲ."

ಬುಧವಾರ ಬೆಳಿಗ್ಗೆ ಅವ್ವ ಸರಿಯಾಗಿಯೇ ಎದ್ದಳು. ಅಳಿಯಂದಿರ ಚಹಾ ಕೇಳಿದಳು. "ಅಣ್ಣನ ಅರ್ಧಾ ಮುಚ್ಚಿಟ್ರೂ ವೈನಿಗೆ ಏನೂ ಗೊತ್ತಾಗಿಲ್ಲ ನೋಡು," ಎಂದು ಸಿಂಧು ಅತ್ಯಾ, ಅತ್ತಿಗೆಯ ಕಡೆ ಕಣ್ಣು ತೋರಿಸಿ, ಶಾಲ್ಮಲಾಳ ಕಿವಿಯಲ್ಲಿ ಹೇಳಿದಳು. "ಬ್ಯಾಂಕಿನ್ಯಾಗ ಇದ್ದಾಗೂ ಅಂವಾ ಇದ್ದದ್ದು ಯಾರಿಗೂ ಗೊತ್ತಾಗ್ತಿರಲಿಲ್ಲ."

ಆ ದಿನ ಶಾಲ್ಮಲಾ ಪರಿಶೀಲನೆಯ ಆದೇಶವನ್ನು ಮುಂದಿಟ್ಟು ಆ ಹೆಸರಿಲ್ಲದ ಬಟ್ಟಲನ್ನು ತಾನೇ ಓದಲು ಒಪ್ಪಿಗೆ ಪಡೆದಳು. ಓದುವ ಕೋಣೆಯಲ್ಲಿ ಒರಗುಕುರ್ಚಿ, ಬಿಳಿಯ ಹೊದಿಕೆ. ಪಟ್ಟಿಯನ್ನು ಹಣೆಗೆ ಕಟ್ಟಿಕೊಂಡು ಕಣ್ಣು ಮುಚ್ಚಿದಳು.

ಮೊದಲು ಹಾಲಿನ ವಾಸನೆ. ಒದ್ದೆ ಹತ್ತಿಯಷ್ಟು ಮೆತ್ತಗಿನ ಒಂದು ತಲೆ, ಬೊಗಸೆಯೊಳಗೆ. ಅದರ ನೆತ್ತಿಯಲ್ಲಿ ಏನೋ ಮಿಡಿಯುತ್ತಿತ್ತು. ಹನ್ನೊಂದು ಸಲ ಬೆಳಕಾಯಿತು, ಹನ್ನೊಂದು ಸಲ ಆರಿತು. ಆಮೇಲೆ ಕತ್ತಲೆ, ಅವಳು ಅಲ್ಲಿಗೇ ಮುಗಿಯಿತೆಂದುಕೊಂಡಳು. ಅಷ್ಟರಲ್ಲಿ ಆ ಕತ್ತಲೆ ಹಸಿರಾಯಿತು. ಹಸಿರು ನೀರಾಯಿತು. ನೀರಿನ ಮೇಲ್ಗಡೆ, ಬಹಳ ದೂರದಲ್ಲಿ, ಸೂರ್ಯ ಹರಿದ ದೋಸೆಯ ಹಾಗೆ ಅಲುಗುತ್ತಿದ್ದ. ಒಂದು ಹುಡುಗಿ ಕಾಲು ಬಡಿದು ಮೇಲೆ ಬಂದಳು. ಬಾಯಲ್ಲಿ ನೀರು ತುಂಬಿಕೊಂಡು ಆಕಾಶಕ್ಕೆ ಉಗಿದಳು. ಕಲ್ಲಿನ ಮೆಟ್ಟಿಲುಗಳು ನದಿಯಿಂದ ನೇರ ಶಾಲೆಗೆ ಹತ್ತುತ್ತಿದ್ದವು. ಶಾಲೆಗೆ ನೀಲಿ ಬಾಗಿಲು, ಬೇವಿನ ಟೊಂಗೆಗೆ ತೂಗುಹಾಕಿದ ಗಂಟೆ. ಹುಡುಗಿ ಒದ್ದೆ ಲಂಗದಲ್ಲೇ ಓಡಿದಳು, ಮೂರನೆಯ ಮೆಟ್ಟಿಲಲ್ಲಿ ಜಾರಿ ಗದ್ದ ಒಡೆದುಕೊಂಡಳು, ರಕ್ತವನ್ನು ಅಂಗೈಯಲ್ಲಿ ಒರೆಸಿಕೊಂಡು ಮತ್ತೆ ಓಡಿದಳು. ದಂಡೆಯ ಮೇಲಿಂದ ಯಾರೋ ಕೂಗುತ್ತಿದ್ದರು: "ತುಳಸಾ, ಏ ತುಳಸಾ, ಮನೀಗೆ ಬಾ ನೀನು, ನಿನ್ನ ಕಾಲು ಮುರೀತೀನಿ."

ಏಳನೆಯ ಉಸಿರಿನ ನಗು ಇಲ್ಲಿಯದು ಎಂದು ಶಾಲ್ಮಲಾಗೆ ತಿಳಿಯಿತು. ಐವತ್ತೈದು ವರ್ಷ ಮಗಳಾಗಿ ಇದ್ದವಳು ತಾನು. ಜ್ವರದಲ್ಲಿ, ಮದುವೆಯಲ್ಲಿ, ಮದುವೆ ಮುರಿದಾಗ, ಈಗ ಈ ಮರೆವಿನಲ್ಲಿ, ಅವ್ವನ ಎದುರಿಗೆ ಇದ್ದವಳು ತಾನು. ಅವ್ವ ನಕ್ಕದ್ದು ಮಾತ್ರ ಇವಳಿಗಾಗಿ. ಇಲ್ಲದ ಮಗಳಿಗೆ ಅವ್ವ ಒಂದು ನದಿಯನ್ನೇ ಕೊಟ್ಟಿದ್ದಳು.

ಪಟ್ಟಿ ಬಿಚ್ಚಿ, ಕೆರೆಯ ಕಡೆಯ ಕಿಟಕಿಗೆ ಬಂದು ನಿಂತಳು. ಶುಕ್ರವಾರ ತೆಗೆಯುತ್ತಾರೆ, ತೆಗೆಯಲಿ, ಎಂದು ಅವಳೊಳಗಿನ ಯಾರೋ ಅಂದರು. ಕೆರೆಯ ನೀರು ಮಧ್ಯಾಹ್ನದ ಬಿಸಿಲಿಗೆ ಬೆಳ್ಳಗೆ ಚಾಚಿಕೊಂಡಿತ್ತು. ಆ ಬಿಳುಪನ್ನು ನೋಡುತ್ತಿದ್ದಂತೆ ಇನ್ನೊಂದು ನೀರು ನೆನಪಾಯಿತು. ತಾನು ಹತ್ತು ವರ್ಷದವಳಿದ್ದಾಗ, ಬಾಗಲಕೋಟೆಯ ಕಡೆ ಬಸ್ಸಿನಲ್ಲಿ ಹೋಗುವಾಗ, ಸೇತುವೆಯ ಮೇಲೆ ಅವ್ವ ಗಾಜಿಗೆ ಬೆರಳೊತ್ತಿ ಹೇಳಿದ್ದಳು: "ಅಲ್ಲಿ ನೀರು ಕಾಣ್ತದಲಾ, ಅದರ ಕೆಳಗ ನಮ್ಮ ಸಾಲಿ ಅದ. ನೀಲಿ ಬಾಗಲದ್ದು. ಅಣೆಕಟ್ಟಿನ ಹಿನ್ನೀರು ಬಂದಾಗ ನನಗ ಹದಿನೇಳು."

ಅವ್ವನಿಗೆ ಇಪ್ಪತ್ತೊಂದಾದಾಗ ಹುಟ್ಟಿದ ಕೂಸು ಆ ಶಾಲೆಗೆ ಹೋಗಲು ಸಾಧ್ಯವೇ ಇರಲಿಲ್ಲ. ಬದುಕಿದ್ದರೂ ಹೋಗಲಾಗುತ್ತಿರಲಿಲ್ಲ. ಮತ್ತೆ ಗದ್ದದ ಗಾಯ? ದಿನಾ ಬೆಳಿಗ್ಗೆ ಪಟ್ಟಿ ಬಿಚ್ಚುವಾಗ ತನ್ನ ಬೆರಳಿಗೆ ತಾಗುವ, ಅವ್ವನ ಗದ್ದದ ಮೇಲಿನ ಆ ಬಿಳಿ ಗೆರೆ?

ಸಂಜೆ ಸಿಂಧು ಅತ್ಯಾ ಹಿತ್ತಲ ಬಾಗಿಲಲ್ಲಿ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಶಾಲ್ಮಲಾ ಎದುರಿಗೆ ಕುಕ್ಕರುಗಾಲಲ್ಲಿ ಕುಳಿತಳು.

"ಅತ್ಯಾ, ತುಳಸಾ ಅಂದ್ರ ಯಾರು?"

ಅತ್ಯಾನ ಕೈ ನಿಂತಿತು. "ಎಲ್ಲಿ ಕೇಳಿದಿ ಆ ಹೆಸರು? ಅದು ನಿಮ್ಮವ್ವನ ತವರಮನಿ ಹೆಸರು. ನಮ್ಮ ಮನಿಗೆ ಬಂದ ದಿವಸ, ಅಕ್ಕಿ ಹರವಿದ ತಾಟಿನಾಗ ಅಣ್ಣ ಉಂಗುರದಿಂದ ವಸುಧಾ ಅಂತ ಬರದ. ಶ್ರೀಧರಗ ವಸುಧಾ ಛಂದ ಹೊಂದತದ ಅಂತ ನಮ್ಮಪ್ಪ ಆರಿಸಿದ್ದು. ಆ ಅಕ್ಕಿ ಮರುದಿನ ಅನ್ನಾ ಮಾಡಿ ಎಲ್ಲಾರೂ ಉಂಡ್ವಿ."

"ಅವ್ವ ಏನಂದ್ಲು?"

"ಏನಂತಾಳ? ಹೊಸಾ ಸೊಸಿ. ಮೂರು ದಿನಾ ಯಾರು ವಸುಧಾ ಅಂತ ಕರದ್ರೂ ಹೊಳ್ಳಿ ನೋಡಲಿಲ್ಲ. ಸೊಕ್ಕಿನಾಕಿ ಅಂದ್ರು ಎಲ್ಲಾರೂ. ಪಾಪ, ತನ್ನನ್ನ ಅಂತ ಗೊತ್ತಾಗಿರಲಿಲ್ಲ ಆಕಿಗೆ."

ಏಳು ವರ್ಷದ ಹಿಂದೆ ಅವ್ವನನ್ನು ಕೇಂದ್ರಕ್ಕೆ ಸೇರಿಸುವಾಗ ಶಾಲ್ಮಲಾ ತನ್ನ ಕೈಯಾರೆ ಅರ್ಜಿ ತುಂಬಿದ್ದಳು. ಅದರಲ್ಲಿ "ಮೊದಲಿನ ಹೆಸರು" ಎಂಬ ಜಾಗವಿತ್ತು. ಅದು ಬೇರೆಯವರಿಗೆ ಎಂದುಕೊಂಡು ಒಂದು ಅಡ್ಡಗೆರೆ ಎಳೆದಿದ್ದಳು. ತನ್ನ ಹೆಸರು ಮದುವೆಯಲ್ಲಿ ಬದಲಾಗಿರಲಿಲ್ಲ. ಅವ್ವನದು ಆಗಿರಬಹುದು ಎಂದು ಹೊಳೆದೂ ಇರಲಿಲ್ಲ. ಆ ಅಡ್ಡಗೆರೆಯಿಂದಾಗಿ ತುಳಸಾ ಎಂಬ ಹುಡುಗಿ ಯಾರೆಂದು ಯಂತ್ರಕ್ಕೆ ತಿಳಿಯಲಿಲ್ಲ. ಮರೆವಿನಲ್ಲಿ ಅವ್ವ ಅವಳನ್ನು ಸತ್ತ ಕೂಸಿನ ಬಟ್ಟಲಿಗೆ ಸುರಿದಿದ್ದಳು. ನಾಡಿದ್ದು ತೆಗೆದುಹಾಕಲು ಹೊರಟದ್ದು ಇಲ್ಲದ ಮಗಳನ್ನಲ್ಲ, ಅವ್ವನ ಮೊದಲ ಹತ್ತೊಂಬತ್ತು ವರ್ಷಗಳನ್ನು.

ಗುರುವಾರ ಶಾಲ್ಮಲಾ ರಜೆ ಹಾಕಿದಳು. ಬೆಳಗಿನ ಚಹಾದಿಂದ ಹತ್ತು ಗಂಟೆಯವರೆಗೆ ಅವ್ವನ ಮನಸ್ಸು ತಿಳಿಯಾಗಿರುತ್ತಿತ್ತು. ಅವಳ ತಲೆಗೆ ನೀರು ಹಾಕಿ, ಹಿತ್ತಲ ಬಿಸಿಲಿಗೆ ಮಣೆ ಹಾಕಿ ಕೂಡಿಸಿ, ಬಿಳಿಕೂದಲನ್ನು ಬೆರಳಿನಿಂದ ಬಿಡಿಸುತ್ತ ಮೆಲ್ಲಗೆ ಶುರುಮಾಡಿದಳು.

"ಅವ್ವಾ, ನಿನ್ನ ಕಡತದಾಗ ಒಂದು ತಪ್ಪಾಗೇದ. ನಾನ ಮಾಡಿದ್ದು. ಕೂಸಿನ ಹತ್ರ ಒಬ್ಬಾಕಿ ಹುಡುಗಿ ಇದ್ದಾಳ ನೋಡು, ಈಜಾಕಿ. ಆಕಿ ಕೂಸಲ್ಲ. ಆಕಿ ನೀನು."

ಅವ್ವ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕುಳಿತಿದ್ದಳು. "ನನಗ ಗೊತ್ತಿಲ್ಲೇನು?" ಎಂದಳು.

ಶಾಲ್ಮಲಾಳ ಬೆರಳು ಕೂದಲಲ್ಲೇ ನಿಂತಿತು.

"ನಿಮ್ಮ ಮಷೀನ ಕೇಳ್ತದಲಾ, ಇದನ್ನ ಯಾರ ಹತ್ರ ಇಡ್ಲಿ ಅಂತ. ವಸುಧಾನ ಹತ್ರ ಇಡು ಅನ್ನಲಿಕ್ಕೆ ಬಾಯಿ ಬರಲಿಲ್ಲ. ವಸುಧಾ ಎಂದೂ ಹೊಳಿಗೆ ಇಳದಾಕಿ ಅಲ್ಲ. ಆಕಿ ಬಂದದ್ದ ಹತ್ತೊಂಬತ್ತು ವರ್ಷದಾಕಿ ಆಗಿ, ತಾಟಿನಾಗಿಂದ." ಅವ್ವ ನಿಧಾನವಾಗಿ, ಯಾರದೋ ಸಂಗತಿ ಹೇಳುವಂತೆ ಹೇಳಿದಳು. "ಕೂಸಿನ ಹತ್ರ ಜಾಗಾ ಭಾಳ ಇತ್ತು. ಹನ್ನೊಂದ ದಿನದ್ದು ಅದು, ಉಳಿದದ್ದೆಲ್ಲಾ ಖಾಲಿ. ಕತ್ತಲದಾಗ ಅದೊಂದ ಇತ್ತು. ಎತ್ತಿಕೊಳ್ಳಲಿಕ್ಕೆ ಒಬ್ಬಾಕಿ ಇರಲಿ ಅಂತ ತುಳಸಾನ ಕಳಿಸಿದೆ. ಆಕಿಗೆ ಈಜು ಬರ್ತದ. ಹೆದರೂದಿಲ್ಲ ಆಕಿ."

ತೆಂಗಿನ ಗರಿಯ ನೆರಳು ಅವ್ವನ ಮಡಿಲಲ್ಲಿ ಆಡುತ್ತಿತ್ತು. ಶಾಲ್ಮಲಾ ಮತ್ತೆ ಕೂದಲು ಬಿಡಿಸುತ್ತ ಕೇಳಿದಳು. ಕೇಳುವಾಗ ತನ್ನ ದನಿ ಹತ್ತು ವರ್ಷದವಳ ದನಿಯಂತಿದೆ ಎಂದು ಅವಳಿಗೇ ಅನ್ನಿಸಿತು.

"ಮತ್ತ ನಾನು? ನನಗ ಯಾಕ ಆಕಿನ್ನ ತೋರಿಸಲಿಲ್ಲ ನೀ?"

"ನಿನಗ ಯಾಕ? ನೀ ಇಲ್ಲೆ ಇದ್ದೆಲಾ," ಎಂದಳು ಅವ್ವ, ಹಿಂದಕ್ಕೆ ತಿರುಗದೆಯೇ ಕೈ ಚಾಚಿ ಮಗಳ ಮೊಣಕಾಲನ್ನು ತಟ್ಟಿ. "ಕರದ್ರ ಓ ಅಂತಿದ್ದಿ."

ಸಿಂಧು ಅತ್ಯಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಬಂದು ಅವ್ವನ ಮುಂದೆ ಕಷ್ಟಪಟ್ಟು ಕೆಳಗೆ ಕುಳಿತಳು. "ವೈನಿ, ಆ ಕೂಸಿಗೆ ಸೋದರತ್ತಿ ನಾನು. ಹದಿನಾರು ವರ್ಷದಾಕಿ ಇದ್ದೆ. ಕಿವ್ಯಾಗ ಕುರ್ರ್ ಅನ್ನಬೇಕು ಅಂತ ಹೊಸಾ ಪೋಲಕಾ ಹೊಲಿಸಿದ್ದೆ. ಈಗ ಅನ್ಲೇನ್ರಿ?"

"ಹೆಸರು?" ಎಂದಳು ಅವ್ವ.

"ನೀವ ಹೇಳ್ರಿ."

"ಇಬ್ಬರಿಗೂ ಒಂದ ಸಾಕು. ಜೋಡಿಲೆ ಬೆಳದಾರ."

ಶಾಲ್ಮಲಾ ಒಳಗಿನಿಂದ ಪಟ್ಟಿ ತಂದು ಅವ್ವನ ಹಣೆಗೆ ಕಟ್ಟಿದಳು. ಅತ್ಯಾ ಅವ್ವನ ಕಿವಿಯ ಹತ್ತಿರ ಬಗ್ಗಿ, ಹೆಸರಿಡುವಾಗ ಕೂಸಿನ ಕಿವಿಯಲ್ಲಿ ಹೇಳುವಂತೆ, ಮೂರು ಸಲ ಹೇಳಿದಳು: "ಕುರ್ರ್, ತುಳಸಾ." ಹೆಸರು ಹೇಳಿದ ಸೋದರತ್ತೆಯ ಬೆನ್ನಿಗೆ ಸುತ್ತ ಕೂತ ಹೆಂಗಸರು ಗುದ್ದುವುದು ಆ ಕಡೆಯ ಪದ್ಧತಿ. ಅವ್ವ ಅದನ್ನು ಮರೆತಿರಲಿಲ್ಲ. ಒದ್ದೆಗೂದಲ ನಡುವಿನಿಂದ ಕೈಯೆತ್ತಿ ಗಟ್ಟಿಯಾಗಿಯೇ ಒಂದು ಗುದ್ದಿದಳು.

"ಮೆಲ್ಲಕ್ರೀ ವೈನಿ," ಎಂದಳು ಅತ್ಯಾ, ಕಣ್ಣೊರೆಸಿಕೊಳ್ಳುತ್ತ. "ಗುದ್ದು ಹೊಸಾದದ, ಬೆನ್ನು ಹಳೇದು."

ಮಧ್ಯಾಹ್ನ ಶಾಲ್ಮಲಾ ಕೇಂದ್ರಕ್ಕೆ ಹೋಗಿ ಅರ್ಜಿಯ ಅಡ್ಡಗೆರೆ ಅಳಿಸಿ, ಅಲ್ಲಿ ತುಳಸಾ ಎಂದು ಬರೆದಳು. ಬರೆದ ಮೇಲೆ ಪರಿಶೀಲನೆಯ ಕೆಂಪು ಗುರುತು ತಾನಾಗಿ ಮಾಸಿತು. ಆ ವರ್ಷಗಳು ನಿಜವಾಗಿ ಆದವೇ; ಆದದ್ದು ಈ ಕಡತದವಳಿಗೇ. ಅವನ್ನು ಯಾರ ಹತ್ತಿರ ಇಡಬೇಕೆಂಬುದು ಪಟ್ಟಿ ಕಟ್ಟಿಕೊಂಡವರ ಇಷ್ಟ. ಆದರೆ ಹದಿನಾರೂವರೆ ಹದಿನಾರೂವರೆಯಾಗಿಯೇ ಉಳಿದಿತ್ತು.

"ಈಗ ಸಲೀಸಾತಲ್ಲಕ್ಕಾ," ಎಂದಳು ಫರ್ಜಾನಾ. "ಹೆಸರು ಆತು. ತುಳಸಾನ್ನ ಸ್ವಂತ ಫೈಲ್ ಮಾಡಿ ಹೊರಗ ಇಡೂಣು. ಅವ್ವಾರ ಫೈಲಿನ್ಯಾಗ ಬರೇ ವಿಳಾಸ."

ಶಾಲ್ಮಲಾ ತೇಲುವ ಬಟ್ಟಲುಗಳನ್ನು ನೋಡುತ್ತ ಕುಳಿತಳು. ಇಷ್ಟು ವರ್ಷ ಸಾವಿರಾರು ಜನರಿಗೆ ಗೆರೆ ಎಳೆದಿದ್ದಳು: ಯಾವುದನ್ನು ಜೊತೆಗೇ ಓದುತ್ತಾರೋ ಅದು ಒಳಗೆ, ಯಾವುದು ಬೇರೆ ಕಡೆ ತಾನಾಗಿ ಬಾಳಬಲ್ಲದೋ ಅದು ಹೊರಗೆ. ಐದು ಉಸಿರಿನ ಆ ಇನ್ನೊಂದು ಬಟ್ಟಲನ್ನು, ತನ್ನದನ್ನು, ಅವಳು ಈಗ ಮೊದಲ ಸಲ ಸರಿಯಾಗಿ ನೋಡಿದಳು. ಅದರೊಳಗೆ ಕಪ್ಪುಗೂದಲಿನ ಒಬ್ಬಳು ಗಂಡನಿಗೆ ಚಹಾ ಸೋಸುತ್ತಿದ್ದಳು. ಏಳು ವರ್ಷದಿಂದ ಸೋಸುತ್ತಲೇ ಇದ್ದಳು.

"ಆಕಿ ಇರಲಿ. ನನ್ನ ತಗಿ," ಎಂದಳು.

ಫರ್ಜಾನಾ ಕುರ್ಚಿಯನ್ನು ತಿರುಗಿಸಿದಳು. "ಅಕ್ಕಾ, ಏನು ಹೇಳಾಕತ್ತೀರಿ? ಬೆಳಿಗ್ಗೆ ಎದ್ರ ನಿಮ್ಮ ಗುರುತ ಇರಂಗಿಲ್ಲ ಅವರಿಗೆ. ಸೋಮವಾರ ನೋಡಿರಿಲ್ಲ?"

"ತುಳಸಾನ ಹೊರಗ ಇಟ್ರ, ಕರದ್ರ ಎದ್ದು ಬರ್ತಾಳೇನು? ಆಕಿಗೆ ಇರಲಿಕ್ಕೆ ಅವ್ವನ ಬಿಟ್ರ ಬ್ಯಾರೆ ಊರ ಇಲ್ಲ, ಇದ್ದ ಊರೂ ನೀರಾಗ ಹೋತು. ನಾ ಬಾಜೂಕ ಇರ್ತೀನಲ್ಲ. ನಾ ಬರ್ತೀನಿ."

"ಮತ್ತ ವಿಳಾಸ? ನಿಮ್ಮ ಯಾವ ಫೈಲಿಗೆ ಜೋಡಿಸ್ಲಿ?"

"ಫೈಲಿಗೆ ಬ್ಯಾಡ. ಎಡಕ್ಕ ನೋಡು, ಮಗಳು ಇದ್ದಾಳ, ಅಂತ ಬರಿ."

"ಇದು ಮಷೀನಿಗೆ ತಿಳ್ಯಾಂಗಿಲ್ಲಕ್ಕಾ."

"ಮಷೀನಿಗಲ್ಲ ಅದು."

ಫರ್ಜಾನಾ ಕುರ್ಚಿಯನ್ನು ಪರದೆಯ ಕಡೆ ತಿರುಗಿಸಿ ಬರೆದಳು. ಸಂಜೆ ಒಪ್ಪಿಗೆಯ ಫಲಕದ ಮೇಲೆ ಹೆಬ್ಬೆರಳಿಡುವಾಗ ಅವ್ವ ಕೇಳಿದಳು, "ಎಲ್ಲಿಗೆ ಹೊಂಟಿ?" "ಎಲ್ಲೂ ಇಲ್ಲವ್ವಾ. ಒಳಗಿಂದ ಹೊರಗ," ಎಂದಳು ಶಾಲ್ಮಲಾ. ಅವ್ವ ತಲೆಯಾಡಿಸಿ ಹೆಬ್ಬೆರಳು ಒತ್ತಿದಳು. ಅಪ್ಪನ ಬ್ಯಾಂಕಿನ ವರ್ಷಗಳು ತಮ್ಮ ಜಾಗಕ್ಕೆ ಮರಳಿದವು.

ಶುಕ್ರವಾರ ಬೆಳಿಗ್ಗೆ ಪರದೆ ಬೆಳ್ಳಗಾಗುವ ಮೊದಲೇ ಶಾಲ್ಮಲಾ ಮಂಚದ ಎಡಗಡೆ ಕುರ್ಚಿ ಹಾಕಿಕೊಂಡು ಕುಳಿತಳು. ಅತ್ಯಾ ಅಡಿಗೆಮನೆಯಲ್ಲಿ ಪಾತ್ರೆಯ ಸದ್ದಾಗದ ಹಾಗೆ ಓಡಾಡುತ್ತಿದ್ದಳು. ಅವ್ವನ ಚಪ್ಪಲಿಯನ್ನು ಎಲ್ಲೋ ಮುಚ್ಚಿಟ್ಟಿದ್ದಳು, ಯಾವುದಕ್ಕೂ ಇರಲಿ ಎಂದು.

ಪಟ್ಟಿ ಬೆಚ್ಚಗಾಯಿತು. ಮೂರನೆಯ ಉಸಿರಿಗೆ ಹುಬ್ಬು ಸಡಿಲಾಯಿತು. ಏಳನೆಯದಕ್ಕೆ ನಗು ಬಂತು. ಈಗ ಶಾಲ್ಮಲಾಗೆ ಆ ನಗುವಿನಲ್ಲಿ ನೀರು ಸಿಡಿಯುವುದು ಕೇಳಿಸಿತು. ಹತ್ತನೆಯದಕ್ಕೆ ಗಂಟಲು ಅಲುಗಿತು. ಹನ್ನೊಂದು. ಅರ್ಧ ಹನ್ನೆರಡು. ಪಟ್ಟಿ ತಣ್ಣಗಾಯಿತು. ಓದು ಮುಗಿದಿತ್ತು. ಇಷ್ಟು ದಿನ ತಾನು ಇದ್ದ ಜಾಗದಲ್ಲಿ ಈಗ ಅವ್ವ ಬರಿದೇ ಉಸಿರಾಡುತ್ತಿದ್ದಳು. ಹದಿಮೂರು. ಹದಿನಾಲ್ಕು. ಆ ಖಾಲಿ ಉಸಿರುಗಳಷ್ಟು ಉದ್ದವಾದದ್ದನ್ನು ಶಾಲ್ಮಲಾ ಎಂದೂ ಎಣಿಸಿರಲಿಲ್ಲ.

ಅವ್ವ ಕಣ್ಣು ತೆರೆದಳು. ಮೇಲೆ ಸೂರು ನೋಡಿದಳು. ಆಮೇಲೆ ತಲೆಯನ್ನು ಎಡಕ್ಕೆ ಹೊರಳಿಸಿದಳು.

ಆ ಕಣ್ಣಲ್ಲಿ ಗುರುತಿರಲಿಲ್ಲ. ಆದರೆ ಸೋಮವಾರದ ಹೆದರಿಕೆಯೂ ಇರಲಿಲ್ಲ. ಮನೆ ತನ್ನದೆಂದು ಗೊತ್ತಿತ್ತು. ಬಂದವರು ಯಾರೆಂದು ನೋಡುತ್ತಿದ್ದಳು, ಅವಸರವಿಲ್ಲದೆ, ಹಣೆಯಿಂದ ಗದ್ದದವರೆಗೆ. ಆರು ವರ್ಷದಲ್ಲಿ ತನ್ನನ್ನು ಯಾರೂ ಇಷ್ಟು ಹೊತ್ತು ನೋಡಿರಲಿಲ್ಲ ಎಂದು ಶಾಲ್ಮಲಾಗೆ ಅನ್ನಿಸಿತು.

"ಮಗಳು ಅಂದ್ರ ನೀನ ಏನು?" ಎಂದಳು ಅವ್ವ.

"ಹೂಂ ಅವ್ವಾ. ಶಾಲ್ಮಲಾ."

"ಕೂದಲಾ ಬೆಳ್ಳಗಾಗ್ಯಾವಲ."

"ಆಗ್ಯಾವ."

ಅವ್ವ ಹೊದಿಕೆಯಿಂದ ಕೈ ತೆಗೆದು ಅವಳ ಕಿವಿಯ ಪಕ್ಕದ ಬಿಳಿಕೂದಲನ್ನು ಮುಟ್ಟಿ ನೋಡಿದಳು. ಅಳಿಯಂದಿರ ಚಹಾ ಕೇಳಲಿಲ್ಲ.

"ಹೇಳು ಮತ್ತ," ಎಂದಳು. "ನಿಂದು ಏನು ಎತ್ತ."

"ಎಲ್ಲಿಂದ ಹೇಳ್ಲಿ? ಸಣ್ಣಾಕಿ ಇದ್ದಾಗಿಂದೇನು?"

"ಅದೆಲ್ಲಾ ಸಂಜೀಕ ಹೇಳೀಯಂತ. ಈಗ ಹೆಂಗಿದ್ದಿ?"

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಶಾಲ್ಮಲಾ ಬಾಯಿ ತೆರೆದಳು. ಆರು ವರ್ಷದಿಂದ ಬೆಳಿಗ್ಗೆಗಳಲ್ಲಿ ಯಾರಿಗೂ ಹೇಳಬೇಕಾಗಿ ಬಂದಿರದ ಮಾತು ಹೊರಬಂತು.

"ಒಬ್ಬಾಕಿನ ಇದ್ದೀನವ್ವಾ."

ಅವ್ವ ಗೋಡೆಯ ಕಡೆ ಸರಿದು, ಹೊದಿಕೆಯ ಅಂಚು ಎತ್ತಿ, ಮಂಚದ ಮೇಲೆ ಅವಳಿಗೆ ಜಾಗ ಮಾಡಿದಳು.